ಮರಳಿನ ಮೇಲೊಂದು ನಾಡಹೆಂಚು

ಕಳೆದ ತಿಂಗಳು ನಮ್ಮ ಮನೆಯ ಮಾಡು ಸೋರಿತು. ಸ್ಯಾನ್ ಡಿಯಾಗೋದ ನಮ್ಮ ಬಡಾವಣೆ ಮೀರಾ ಮೆಸಾಕ್ಕೆ ಮಳೆ ಅಪರೂಪದ ಅತಿಥಿ; ಬಂದಾಗ ಮಾತ್ರ ಹೆಂಚಿನ ಬಿರುಕನ್ನು ಹುಡುಕಿಕೊಂಡೇ ಬರುತ್ತದೆ. ರಿಪೇರಿಗೆ ಬಂದವನು ಒಡೆದ ಹೆಂಚನ್ನು ಕೆಳಗಿಳಿಸಿ, ಬದಲಿಗೆ ಹಾಕಲು ಹಳೆಯದು ಇದೆಯೇ ಎಂದು ಮನೆಯ ಪಕ್ಕದ ಓಣಿಯಲ್ಲಿ ಹುಡುಕಾಡಿ, ಕಸದ ಡಬ್ಬಿಗಳ ಹಿಂದಿನಿಂದ ಅರ್ಧ ಕೊಳವೆಯಾಕಾರದ ಮಣ್ಣಿನ ಹೆಂಚೊಂದನ್ನು ಎತ್ತಿ ತಂದ. ಅದು ಮಳೆಗೆ ನೆನೆದಿತ್ತು. ಸುಟ್ಟ ಮಣ್ಣಿನ ಹಸಿ ವಾಸನೆ. ಅದರ ಅಡಿಯಲ್ಲಿ ತೀರ ಸಣ್ಣಗೆ ಉಪ್ಪಿನದು, ಮೀನಿನದು… ಒಳಮೈಯಲ್ಲಿ ಬಿಳಿ ಬಣ್ಣದಿಂದ ನಲವತ್ತೇಳು ಎಂಬ ಅಂಕಿ. ನಾಲ್ಕರ ಬಾಲ ಉದ್ದ, ಏಳಕ್ಕೆ ನಡುವೆ ಅಡ್ಡಗೆರೆ. ಆ ಕೈಬರಹ ನನಗೆ ಗೊತ್ತು.

ಅದನ್ನು ಮುಟ್ಟಬೇಡ, ಇದ್ದಲ್ಲೇ ಇಡು ಎಂದೆ. ನಾನು ಹೇಳಿದ ರೀತಿಗೆ ಪಾಪ, ಅವನು ಎರಡು ಹೆಜ್ಜೆ ಹಿಂದೆ ಸರಿದ. ಹೊಸ ಹೆಂಚು ತರಲು ಅಂಗಡಿಗೆ ಹೋದ. ನಾನು ಆ ಹೆಂಚನ್ನು ತೊಡೆಯ ಮೇಲಿಟ್ಟುಕೊಂಡು ಗ್ಯಾರೇಜಿನ ಮೆಟ್ಟಿಲ ಮೇಲೆ ಕುಳಿತೆ. ಕುಳಿತಷ್ಟು ಹೊತ್ತೂ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಅದು ಈಗಲೂ ಇಳಿದಿಲ್ಲ. ಇಳಿದ ಮೇಲೆ ಬರೆಯೋಣವೆಂದು ಕಾದರೆ ಈ ಬರಹ ಹುಟ್ಟಲಾರದು.

ನಮ್ಮ ಸುತ್ತಿನ ಕನ್ನಡಿಗರೆಲ್ಲ ಅವರನ್ನು ಮಲ್ಪೆ ಅಂಕಲ್ ಎನ್ನುತ್ತಿದ್ದರು. ನಮ್ಮ ಬೀದಿಯ ಎದುರು ಸಾಲಿನಲ್ಲಿ ಮೂರನೆಯ ಮನೆ. ಅಪ್ಪ, ಅಜ್ಜ ಇಬ್ಬರೂ ಮಲ್ಪೆಯಲ್ಲಿ ದೋಣಿಯ ಮೇಲೆ ಬದುಕಿದವರು. ಇವರು ಓದಿ, ಟೆಲಿಕಾಂ ಎಂಜಿನಿಯರ್ ಆಗಿ ಈ ದೇಶಕ್ಕೆ ಬಂದು, ಕರ್ನಿ ಮೆಸಾದ ಒಂದು ಕಚೇರಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಲಾಸ್ ಏಂಜಲಿಸ್‌ನ ಉತ್ತರಕ್ಕೆ, ಪೋರ್ಟರ್ ರ್ಯಾಂಚಿನಲ್ಲಿ ಸಂಸಾರ ಹೂಡಿದ್ದಳು.

ಅವರು ನನ್ನನ್ನು ಮೊದಲ ಸಲ ಮಾತಾಡಿಸಿದ್ದು ೨೦೨೦ರ ವಸಂತದಲ್ಲಿ, ಎಲ್ಲರೂ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ. ನಾನು ಮೈಸೂರಿನಲ್ಲಿ ಹದಿನೆಂಟು ವರ್ಷ ಹೈಸ್ಕೂಲಿನ ಕನ್ನಡ ಶಿಕ್ಷಕಿಯಾಗಿದ್ದವಳು. ಇಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದೆ. ಅಷ್ಟನ್ನು ಅವರು ಕೇಳಿ ತಿಳಿದಿದ್ದರು. ನಮ್ಮ ಡ್ರೈವ್‌ವೇಯ ತುದಿಯಲ್ಲಿ ಮಾಸ್ಕ್ ಹಾಕಿಕೊಂಡು ನಿಂತು, "ಟೀಚರೇ, ನಿಮ್ಮಲ್ಲಿ ಹಳೆ ಹೆಂಚು ಉಂಟಾ?" ಎಂದು ಕೇಳಿದರು. ಪಕ್ಕದ ಓಣಿಯಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಹತ್ತಾರು ಇದ್ದವು. ಅಷ್ಟನ್ನೂ ಕೊಟ್ಟೆ. ಬೀದಿಯಲ್ಲಿ ಯಾರ ಮನೆಯ ಮಾಡು ಬಿಚ್ಚಿದರೂ ಅವರು ಹೀಗೆಯೇ ಹೋಗಿ ನಿಲ್ಲುತ್ತಿದ್ದರಂತೆ. ತಂದ ಹೆಂಚುಗಳನ್ನು ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಒಳಮೈಗೆ ನಂಬರ್ ಬರೆಯುತ್ತಿದ್ದರು. ಈ ವಯಸ್ಸಿನಲ್ಲಿ ಮನೆ ಕಟ್ಟಿಸುತ್ತಿದ್ದೀರಾ ಎಂದು ಯಾರಾದರೂ ಛೇಡಿಸಿದರೆ, "ಹೌದು ಮಾರಾಯ್ರೆ, ಬೀಚ್ ಫ್ರಂಟ್ ಮನೆ. ಮಕ್ಕಳು ಬಾಡಿಗೆ ಕೊಡುದಿಲ್ಲ ಅಷ್ಟೆ" ಎನ್ನುತ್ತಿದ್ದರು.

ಆ ಬಾಡಿಗೆ ಕೊಡದ ಮಕ್ಕಳು ಹಕ್ಕಿಮರಿಗಳು. ಸ್ಯಾನ್ ಡಿಯಾಗೋದ ಕೊಲ್ಲಿಯ ದಂಡೆಯಲ್ಲಿ ಬೇಲಿ ಹಾಕಿದ ಒಂದು ತುಂಡು ಮರಳಿದೆ. ಬೇಸಿಗೆಯಲ್ಲಿ ಅಲ್ಲಿ ಪುಟ್ಟ ಕಡಲಹಕ್ಕಿಗಳು ಬಂದು ಮೊಟ್ಟೆಯಿಡುತ್ತವೆ. ಇಂಗ್ಲಿಷಿನಲ್ಲಿ ಲೀಸ್ಟ್ ಟರ್ನ್. ನಮ್ಮ ಪಕ್ಷಿಪುಸ್ತಕಗಳಲ್ಲಿ ಈ ಕುಲಕ್ಕೆ ರೀವ ಎಂಬ ಹೆಸರಿದೆ. ಗೂಡೆಂದು ಕರೆಯಲು ಏನೂ ಇಲ್ಲ, ಎದೆಯಿಂದ ಒತ್ತಿ ಮಾಡಿದ ಒಂದು ಗುಳಿ ಅಷ್ಟೆ. ಮರಿಗಳು ಬಿಸಿಲಿನಿಂದ, ಗಿಡುಗದಿಂದ, ಕಾಗೆಯಿಂದ ಅಡಗಲು ಅಲ್ಲಲ್ಲಿ ಈ ನಾಡಹೆಂಚುಗಳನ್ನು ಬೋರಲು ಹಾಕಿಡುತ್ತಾರೆ. ವನ್ಯಜೀವಿ ಇಲಾಖೆಯವರ ಕೈಕೆಳಗೆ ಕೆಲವು ಸ್ವಯಂಸೇವಕರು ಬೇಲಿಯ ಹೊರಗೆ ಕುಳಿತು ಕಾಯುತ್ತಾರೆ. ಹಳದಿ ಅಂಗಿ ತೊಟ್ಟ ಆ ಕಾವಲುಗಾರರಲ್ಲಿ ಮಲ್ಪೆ ಅಂಕಲ್ ಎಲ್ಲರಿಗಿಂತ ಹಳಬರು.

ಮನೆಯೊಳಗೆ ಕುಳಿತು ಬೇಸತ್ತಿದ್ದ ನಾನು ಆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅಲ್ಲಿಗೆ ಹೋಗತೊಡಗಿದೆ. ಅವರ ಮಡಚುಸ್ಟೂಲಿನಿಂದ ಹತ್ತಡಿ ದೂರದಲ್ಲಿ ನನ್ನದು. ಅವರು ದೂರದರ್ಶಕವನ್ನು ಹೊಂದಿಸಿ ಎದ್ದು ಪಕ್ಕಕ್ಕೆ ಸರಿದರೆ ನಾನು ಹೋಗಿ ನೋಡುವುದು. ಮೊದಲ ದಿನ ಕಾಲು ಗಂಟೆ ನೋಡಿದರೂ ನನಗೆ ಮರಳಲ್ಲದೆ ಬೇರೇನೂ ಕಾಣಲಿಲ್ಲ. ನಂತರ ಮರಳಿನ ಒಂದು ಚೂರು ಕತ್ತು ತಿರುಗಿಸಿತು… ಹಣೆಯಲ್ಲಿ ಬಿಳಿ, ತಲೆಯ ಮೇಲೆ ಕಪ್ಪು ಟೋಪಿ, ಹಳದಿ ಕೊಕ್ಕಿನ ತುದಿಗೆ ಮಸಿ ತಾಗಿಸಿದಂಥ ಚುಕ್ಕೆ. ತೂಕದಲ್ಲಿ ನಮ್ಮ ಗೊರವಂಕದ ಅರ್ಧವೂ ಇಲ್ಲ.

ಅದೇ ಕೊಲ್ಲಿಯಲ್ಲಿ ಇನ್ನೊಂದು ರೀವವೂ ಇತ್ತು: ಎಲಿಗೆಂಟ್ ಟರ್ನ್. ಗಾತ್ರದಲ್ಲಿ ದೊಡ್ಡದು, ಕಿತ್ತಳೆ ಬಣ್ಣದ ನೀಳ ಕೊಕ್ಕು, ತಲೆಯ ಹಿಂದೆ ಎಣ್ಣೆ ಕಾಣದ ಹುಡುಗನ ಕೂದಲಿನಂತೆ ಕೆದರಿದ ಜುಟ್ಟು. ಅವರು ಯಾವ ಪುಸ್ತಕದ ಹೆಸರನ್ನೂ ಬಳಸುತ್ತಿರಲಿಲ್ಲ. ಒಂದು 'ಸಣ್ಣದು', ಇನ್ನೊಂದು 'ಜುಟ್ಟಿನದ್ದು'. ಮಲ್ಪೆಯಲ್ಲಿ ಅಜ್ಜ ಇವುಗಳ ಬಳಗದ ಹಕ್ಕಿಗಳನ್ನು ನೋಡಿಯೇ ಬಲೆ ಬಿಡುತ್ತಿದ್ದರೆಂದೂ, ಒಂಟಿ ಹಕ್ಕಿ ಮುಳುಗಿದರೆ ಸುಮ್ಮನಿರಬೇಕು, ಹಿಂಡು ಮುಳುಗಿದರೆ ಮಾತ್ರ ದೋಣಿ ತಿರುಗಿಸಬೇಕೆಂದೂ ಹೇಳಿದ್ದರು.

ನನಗೋ ಹಳೆಯ ಅಭ್ಯಾಸ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಅಂಕಣ ಮಾಡಿದೆ. ಸಣ್ಣದು ಚದುರಿ ಗೂಡಿಡುತ್ತದೆ, ಕಾಣದಿರುವುದೇ ಅದರ ರಕ್ಷಣೆ. ಜುಟ್ಟಿನದು ಮೈಗೆ ಮೈ ತಾಗಿಸಿಕೊಂಡು, ಸಾವಿರಾರು ಒಟ್ಟಿಗೆ ಕೂರುತ್ತದೆ. ಗುಂಪೇ ಅದರ ಕೋಟೆ. ಸಣ್ಣದು ಅಂಜಿ ಎದ್ದರೂ ಸುತ್ತು ಹೊಡೆದು ತನ್ನ ಗುಳಿಗೆ ಮರಳುತ್ತದೆ. ಜುಟ್ಟಿನದು ಒಮ್ಮೆ ನಿಜವಾಗಿ ಬೆದರಿತೆಂದರೆ ಇಡೀ ಗುಂಪು ಮೊಟ್ಟೆಗಳನ್ನು ಬಿಟ್ಟು ಎದ್ದು ಹೋದೀತು. ಕೊನೆಯ ಸಾಲಿಗೆ ಬಂದಾಗ ನನ್ನ ಅಂಕಣಗಳು ಗೋಜಲಾದವು. ಕ್ಯಾಲಿಫೋರ್ನಿಯಾದ ಸಣ್ಣದನ್ನು ಈ ದೇಶದ ಸರಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿ ಅರ್ಧ ಶತಮಾನವಾಗಿದೆ. ಬೇಲಿ, ಫಲಕ, ಕಾವಲು, ಹೆಂಚು ಎಲ್ಲವೂ ಅದಕ್ಕೆ. ಆದರೆ ಜಗತ್ತಿನ ಪಟ್ಟಿಯಲ್ಲಿ ಆ ಜಾತಿಯ ಬಗ್ಗೆ ಅಂಥ ಆತಂಕವಿಲ್ಲ. ಅದರ ನೆಂಟರು ಬೇರೆ ಕರಾವಳಿಗಳಲ್ಲಿಯೂ ನದಿಗಳಲ್ಲಿಯೂ ಇದ್ದಾರೆ. ಜುಟ್ಟಿನದರ ಕಥೆ ತಿರುವುಮುರುವು. ಮೆಕ್ಸಿಕೋದ ಖಾರಿಯೊಂದರಲ್ಲಿರುವ ಪುಟ್ಟ ದ್ವೀಪ, ದಕ್ಷಿಣ ಕ್ಯಾಲಿಫೋರ್ನಿಯಾದ ಬೆರಳೆಣಿಕೆಯ ಜಾಗಗಳು, ಹೆಚ್ಚುಕಡಿಮೆ ಅಷ್ಟೇ ಅದರ ತವರು. ಜಗತ್ತಿನ ಪಟ್ಟಿ ಅದನ್ನು ಅಪಾಯದ ಹೊಸ್ತಿಲಲ್ಲಿದೆ ಎನ್ನುತ್ತದೆ. ಈ ದೇಶದ ಅಳಿವಿನಂಚಿನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಹಾಗಾದರೆ ಯಾವುದು ಹೆಚ್ಚು ಅಪಾಯದಲ್ಲಿದೆ, ಒಂದನ್ನು ಹೇಳಿ ಎಂದು ನಾನು ಹಟ ಹಿಡಿದೆ. ಅವರು ದೂರದರ್ಶಕದಿಂದ ಕಣ್ಣು ತೆಗೆಯಲಿಲ್ಲ.

"ಕಾಗದದಲ್ಲಿ ಒಂದು ಉಂಟು, ಇನ್ನೊಂದು ಇಲ್ಲ. ಕಾಗೆಗೆ ಓದ್ಲಿಕ್ಕೆ ಬರ್ತದಾ ಟೀಚರೇ?"

ಬೇಲಿಯ ತಂತಿಯ ಮೇಲೆ ಆಗಲೂ ನಾಲ್ಕೈದು ಕಾಗೆಗಳು ಕುಳಿತಿದ್ದವು. ಅವು ಅಲ್ಲಿ ಏಕಿವೆ ಎಂದು ನಾನು ಕೇಳಿದ್ದೆ. ಸುಮ್ಮನೆ ಕುಳಿತದ್ದಲ್ಲ, ಕಾಯುತ್ತಿವೆ ಎಂದು ಅವರು ಹೇಳಿದ್ದರು. ಒಂದು ಕಾಗೆ ಮೊಟ್ಟೆಯ ರುಚಿ ಕಂಡರೆ ಉಳಿದವಕ್ಕೆ ಗೊತ್ತಾಗಲು ಹೊತ್ತು ಬೇಡವೆಂದೂ, ಆ ಕಡೆಗೆ ಅವು ಬರುವಂಥ ಯಾವ ತಿನಿಸೂ ಬೀಳದಂತೆ ನೋಡಿಕೊಳ್ಳುವುದೇ ತಮ್ಮ ಅರ್ಧ ಕೆಲಸವೆಂದೂ ಹೇಳಿದ್ದರು. ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಇದನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ: ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ ಮೈಸೂರಿನಲ್ಲಿ ನಮ್ಮ ತಾಯಿ ಹೋದರು. ಆ ತಿಂಗಳು ಎಂಥದ್ದೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಅಣ್ಣನೂ ಅದೇ ಕಾಯಿಲೆಯಲ್ಲಿ ಮಲಗಿದ್ದ. ಅಮ್ಮನನ್ನು ಯಾರೋ ಹೊತ್ತರು, ಯಾರೋ ಸುಟ್ಟರು. ನಾವು ಹೊರಟರೆ ವೀಸಾದ ಕಾರಣಕ್ಕೆ ಹಿಂದಿರುಗುವಂತಿರಲಿಲ್ಲ. ಅಣ್ಣ ಏಳುವವರೆಗೆ ಅಲ್ಲಿ ಕರ್ಮ ನಡೆಯದು. ನೀವು ಅಲ್ಲಿಯೇ ನೀರಿರುವ ಕಡೆ ದಕ್ಷಿಣಕ್ಕೆ ಮುಖ ಮಾಡಿ ಒಂದು ಹಿಡಿ ಅನ್ನವನ್ನಾದರೂ ಕಾಗೆಗೆ ಇಡಿ ಎಂದು ಪುರೋಹಿತರು ವಿಡಿಯೋದಲ್ಲಿ ಹೇಳಿದರು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ… ಆ ವಾಕ್ಯವನ್ನು ಅವರು ಮುಗಿಸಲಿಲ್ಲ.

ಮನೆಯ ಹತ್ತಿರದ ಪಾರ್ಕಿನ ಕೆರೆಯ ಬಳಿ ಎಳ್ಳು, ಮೊಸರು ಕಲೆಸಿದ ಅನ್ನವಿಟ್ಟು ಒಂದು ಗಂಟೆ ನಿಂತೆವು. ದೀಪದ ಕಂಬದ ಮೇಲೆ ಕುಳಿತ ಒಂದೇ ಒಂದು ಕಾಗೆ ಕೆಳಗೆ ನೋಡಿತು, ಬರಲಿಲ್ಲ. ಅಮ್ಮನಿಗೆ ಏನು ಆಸೆ ಉಳಿದಿತ್ತೋ ಎಂದುಕೊಂಡೆ. ಆಗ ಬೇಲಿಯ ತಂತಿಯ ಮೇಲಿನ ಆ ಕಾಗೆಗಳು ನೆನಪಾದವು. ಯಜಮಾನರಿಗೆ ಡ್ರೈವ್ ಮಾಡಲು ಹೇಳಿದೆ. ಬೇಲಿಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಸಿಮೆಂಟ್ ಕಟ್ಟೆಯಿದೆ. ಅನ್ನವಿಟ್ಟು ಮೂರು ಹೆಜ್ಜೆ ಹಿಂದೆ ಬರುವಷ್ಟರಲ್ಲಿ ಕಾಗೆ ಇಳಿಯಿತು, ಹಿಂದೆಯೇ ಇನ್ನೆರಡು. ನಾನು ಅಲ್ಲಿಯೇ ಕುಳಿತು ಅತ್ತೆ. ಅಷ್ಟೊಂದು ಸಮಾಧಾನ ನನಗೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ, ಅನಂತರವೂ ಸಿಗಲಿಲ್ಲ.

ಅಂದು ಮಂಗಳವಾರ. ಅಂಕಲ್ ಬುಧವಾರ, ಶುಕ್ರವಾರ, ಭಾನುವಾರ ಮಧ್ಯಾಹ್ನದ ಹೊತ್ತು ಕಾಯುತ್ತಿದ್ದರು.

ಆ ವಾರಗಳಲ್ಲಿ ನಮ್ಮ ಸುತ್ತಿನ ಪ್ರತಿ ಎರಡನೆಯ ಮನೆಯಲ್ಲಿ ಸಾವಿನ ಸುದ್ದಿ. ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರಲ್ಲ ಒಬ್ಬರು, ಇಲ್ಲಿ ಕಾಗೆ ಎಲ್ಲಿ ಬರುತ್ತದೆಂದು ಕೇಳುತ್ತಿದ್ದರು. ನಾನು ಬರೆದೆ. ನನ್ನ ಸ್ವಭಾವಕ್ಕೆ ತಕ್ಕಂತೆ, ಏಳು ಅಂಶಗಳಲ್ಲಿ, ಸಂಖ್ಯೆ ಹಾಕಿ ಬರೆದೆ. ಯಾವ ಎಕ್ಸಿಟ್, ಯಾವ ತಿರುವು, ಪಾರ್ಕಿಂಗ್ ಎಲ್ಲಿ, ದಕ್ಷಿಣ ಯಾವ ಕಡೆ. ಆರನೆಯ ಅಂಶ ನನಗೆ ಬಾಯಿಪಾಠವಾಗಿದೆ: "ಬೇಲಿಯ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಇಟ್ಟರೆ, ಐದು ನಿಮಿಷದೊಳಗೆ ಕಾಗೆಗಳು ತಪ್ಪದೆ ಬರುತ್ತವೆ." ಅರವತ್ತು ಜನ ಕೈಮುಗಿದರು. ಸಂದೇಶ ನಮ್ಮ ಗುಂಪನ್ನು ದಾಟಿ, ತೆಲುಗರ, ತಮಿಳರ ಗುಂಪುಗಳಿಗೂ ಅನುವಾದವಾಗಿ ಹೋಯಿತು. ಉಪಕಾರ ಮಾಡಿದೆನೆಂದು ನಾನು ಬೀಗಿದೆ.

ಮೊದಲ ವಾರ ದಿನಕ್ಕೊಂದು ಕುಟುಂಬ. ಆಮೇಲೆ ಬೆಳಿಗ್ಗೆ ಸಾಲು. ಬಂದವರ ಮೇಲೆ ನನಗೆ ಸಿಟ್ಟಿಲ್ಲ; ಅವರು ನನ್ನ ಹಾಗೆಯೇ ಕರುಳು ಹರಿದುಕೊಂಡು ಬಂದವರು. ಆದರೆ ಕಾಗೆಗಳು ಕಲಿಯುವ ಪ್ರಾಣಿಗಳು. ನಾಲ್ಕೈದು ಇದ್ದವು ಹದಿನೈದಾದವು, ಮೂವತ್ತಾದವು. ಅನ್ನ ಬೆಳಿಗ್ಗೆಗೆ ಮುಗಿಯುತ್ತಿತ್ತು. ಉಳಿದ ಹಗಲಿಡೀ ಅವು ತಂತಿಯ ಮೇಲೆ ಕುಳಿತು ಮರಳಿನ ಕಡೆ ನೋಡುತ್ತಿದ್ದವು. ಅದು ಮರಿಗಳು ಹೊರಬರುವ ಹೊತ್ತು.

ಒಂದು ಭಾನುವಾರ ಸಂಜೆ ಅಂಕಲ್ ನಮ್ಮ ಡ್ರೈವ್‌ವೇಯಲ್ಲಿ ನಿಂತಿದ್ದರು. ಕೈಯಲ್ಲಿ ಬಾಳೆಲೆಯ ತುಂಡು, ಎಳ್ಳು ಮೆತ್ತಿದ ದರ್ಭೆ. ಯಾರೋ ನಮ್ಮವರೇ ಅಲ್ಲಿ ಅನ್ನ ಇಡುತ್ತಿದ್ದಾರೆ, ನೀವು ಗುಂಪಿನಲ್ಲಿದ್ದೀರಲ್ಲ, ಒಂದು ಮಾತು ಹೇಳಿ ಎಂದರು. ಅವರು ಗುಂಪುಗಳಲ್ಲಿ ಇರುತ್ತಿರಲಿಲ್ಲ. ಅಮ್ಮ ಹೋದದ್ದು ಅವರಿಗೆ ಗೊತ್ತಿತ್ತು, ದುಃಖ ಕೇಳಿ ಹೋಗಿದ್ದರು. ಮಾಸ್ಕಿನೊಳಗೆ ನನ್ನ ಮುಖ ಬೆಂದುಹೋಯಿತು. ನಾನೇ ಬರೆದದ್ದು ಎಂಬ ಎರಡು ಪದ ಸಾಕಿತ್ತು. ನಾನು "ನೋಡ್ತೀನಿ ಅಂಕಲ್" ಎಂದೆ.

ನೋಡಲಿಲ್ಲ. ಅಳಿಸಿದರೆ ಯಾಕೆಂದು ಕೇಳುತ್ತಾರೆ. ಅಮ್ಮನಿಗೆ ಇಟ್ಟ ಅನ್ನ ತಪ್ಪೆಂದು ನಾನೇ ಒಪ್ಪಿಕೊಂಡಂತೆ ಆಗುತ್ತದೆ… ಹೀಗೆ ನನಗೆ ನಾನೇ ಪಾಠ ಹೇಳಿಕೊಂಡೆ. ಹತ್ತು ದಿನ ಕಳೆದವು.

ಕೊನೆಗೆ ಅವರೇ ಬಳಗದ ತಿಂಗಳ ಸಭೆಗೆ ಬಂದರು. ಸಭೆ ಝೂಮಿನಲ್ಲಿ. ಕ್ಯಾಮೆರಾ ಸರಿಯಾಗಿ ಇಡಲು ಬಾರದೆ ಅವರ ಹಣೆ ಮತ್ತು ಗೋಡೆಯ ಗಡಿಯಾರ ಮಾತ್ರ ಕಾಣುತ್ತಿದ್ದವು. ಅವರು ಸಿಟ್ಟಾಗಲಿಲ್ಲ. ಎರಡು ಹಕ್ಕಿಗಳನ್ನು ವಿವರಿಸಿದರು, ಹೆಂಚುಗಳ ಅಡಿಯಲ್ಲಿ ಈಗ ಏನೂ ಇಲ್ಲವೆಂದರು, ಆಗಸ್ಟಿನವರೆಗೆ ಮಾತ್ರ ಬೇರೆ ಕಡೆ ಇಡಿ ಎಂದು ಕೇಳಿಕೊಂಡರು. ಸಮಿತಿಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆಯುವಷ್ಟು ಗೌರವ ಅವರ ಮೇಲೆ ನನಗಿಲ್ಲ.

"ಮೀನು ಹಿಡಿಯೋ ಮನೆತನದವ್ರು ನೀವು. ಪಿಂಡದ ವಿಷ್ಯ ನಮಗೆ ಬಿಡಿ ಅಂಕಲ್."

ಇಪ್ಪತ್ತೆಂಟು ಕಿಟಕಿಗಳು. ಒಂದಿಬ್ಬರು ನಕ್ಕರು. ಉಳಿದವರು ಮ್ಯೂಟ್ ಆಗಿದ್ದರು. ಅವರಲ್ಲಿ ನಾನೂ ಒಬ್ಬಳು. ನನ್ನ ಕಿಟಕಿಯ ಮೂಲೆಯಲ್ಲಿ ಆ ಕೆಂಪು ಮೈಕು ಈಗಲೂ ಕಾಣುತ್ತದೆ.

ಅಂಕಲ್ ಹಣೆ ಕ್ಯಾಮೆರಾಕ್ಕೆ ಇನ್ನಷ್ಟು ಹತ್ತಿರ ಬಂತು. ಅವರ ಮನೆಯ ಗಡಿಯಾರದ ಸದ್ದು ಕೇಳುತ್ತಿತ್ತು.

"ನನ್ನ ಅಪ್ಪನಿಗೂ ಕಾಗೆಗೆ ಇಟ್ಟವನೇ ನಾನು. ನಮ್ಮಲ್ಲಿ ಕಾಗೆ ಬರದಿದ್ರೆ ನೀರಿಗೆ ಬಿಡ್ತೇವೆ. ಕಡಲು ಬೇಡ ಅನ್ನುದಿಲ್ಲ."

ಅಷ್ಟು ಹೇಳಿ ಅವರ ಕಿಟಕಿ ಆರಿತು. ಸಭೆ ದೀಪಾವಳಿಯ ಊಟದ ವಿಷಯಕ್ಕೆ ಹೋಯಿತು. ಜುಟ್ಟಿನ ಹಕ್ಕಿಗಳ ಬಗ್ಗೆ ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದು ಅಂದು ನೆನಪಾಯಿತು: ಗುಂಪೇ ಕೋಟೆ. ಹಕ್ಕಿಗಳಾದರೂ ಬೆದರಿದಾಗ ಓಡುತ್ತವೆ, ತಮ್ಮವರಲ್ಲೊಬ್ಬರನ್ನು ಕುಕ್ಕಿ ಆಮೇಲೆ ಊಟದ ಮಾತಾಡುವುದಿಲ್ಲ.

ಮರುದಿನದಿಂದ ಅವರು ತಮ್ಮ ಸರದಿಯಿಲ್ಲದ ದಿನಗಳಲ್ಲಿಯೂ ಆ ಕಟ್ಟೆಯ ಪಕ್ಕ ಸ್ಟೂಲು ಹಾಕಿ ಕುಳಿತು, ಬಂದವರಿಗೆಲ್ಲ ಕೈಮುಗಿದು, ಆಚೆ ಕಡೆಯ ಮೆಟ್ಟಿಲಿಳಿದು ನೀರಿಗೆ ಬಿಡಿ ಎಂದು ಹೇಳತೊಡಗಿದರು. ಹಲವರು ಕೇಳಿದರು. ಕೆಲವರು ಕೇಳಲಿಲ್ಲ. ಒಂದು ದಿನ ಯಾರೋ ತಂದ ತಟ್ಟೆಯನ್ನು ಅವರು ಹಿಡಿದು ನಿಲ್ಲಿಸಿದರಂತೆ. ಕರ್ಮಕ್ಕೆ ಅಡ್ಡಿ ಮಾಡಿದರು, ಹೆಂಗಸರನ್ನು ಹೆದರಿಸಿದರು ಎಂದು ಬಳಗದ ಸಮಿತಿಯವರು ಇಲಾಖೆಗೆ ದೂರು ಸಿದ್ಧಮಾಡಿದರು. ಅದರ ಕರಡನ್ನು ನನಗೂ ಕಳಿಸಿ, "ಮೇಡಂ, ನೀವೊಂದ್ ಸಲ ನೋಡ್ಕೊಟ್ರೆ ಚೆನ್ನಾಗಿರುತ್ತೆ" ಎಂದರು. ನಾನು ತಿದ್ದಿಕೊಡಲಿಲ್ಲ. ತಡೆಯಲೂ ಇಲ್ಲ. ತಿದ್ದಿಕೊಡದಿದ್ದುದನ್ನೇ ಬಹುದಿನ ನನ್ನ ಧೈರ್ಯವೆಂದು ತಿಳಿದಿದ್ದೆ. ನನ್ನ ವಿದ್ಯಾರ್ಥಿಯೊಬ್ಬ ಇಂಥ ಸಬೂಬು ಬರೆದಿದ್ದರೆ ಹಾಳೆಯ ಉದ್ದಕ್ಕೂ ಕೆಂಪುಗೆರೆ ಎಳೆಯುತ್ತಿದ್ದೆ.

ಸಾರ್ವಜನಿಕರೊಡನೆ ಜಗಳವಾಡುವ ಸ್ವಯಂಸೇವಕರನ್ನು ಇಟ್ಟುಕೊಳ್ಳುವುದಿಲ್ಲವೆಂಬ ನಿಯಮ ಇಲಾಖೆಯಲ್ಲಿತ್ತು. ಹಳದಿ ಅಂಗಿಯನ್ನು ಹಿಂದಿರುಗಿಸಬೇಕಾಯಿತು. ಅದನ್ನು ಇಸ್ತ್ರಿ ಮಾಡಿ ಕೊಟ್ಟರೆಂದು ಅಲ್ಲಿನ ಹುಡುಗಿಯೊಬ್ಬಳು ಎಷ್ಟೋ ದಿನಗಳ ಮೇಲೆ ನನಗೆ ಹೇಳಿದಳು. ಕಟ್ಟೆಯ ಬಳಿ 'ಆಹಾರ ಹಾಕಬಾರದು' ಎಂಬ ಫಲಕ ಬಂತು, ಜೊತೆಗೆ ಸರಪಳಿಯೂ ಬಂತು. ಆದರೆ ಜೂನ್ ಮುಗಿದಿತ್ತು. ಆ ಮರಳಿನಿಂದ ಆ ವರ್ಷ ಹಾರಿದ ಮರಿ ಒಂದನ್ನೂ ತಾವು ಕಾಣಲಿಲ್ಲ ಎಂದು ಇಲಾಖೆಯವರು ಹೇಳಿದರು.

ಸೆಪ್ಟೆಂಬರಿನಲ್ಲಿ ಅವರು ಮನೆ ಬಾಡಿಗೆಗೆ ಕೊಟ್ಟು ಮಗಳ ಮನೆಗೆ ಹೊರಟರು. ಹೊರಡುವ ದಿನ ಈ ಹೆಂಚನ್ನು ತಂದು ನನ್ನ ಬಾಗಿಲ ಮುಂದೆ ಇಟ್ಟರು.

"ನಿಮ್ಮ ಮನೆಯದ್ದು ಟೀಚರೇ, ನಿಮ್ಮ ಮನೆಗೇ ಬಂತು."

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕಾರಿನ ಕಡೆ ನಡೆಯುತ್ತ, ತಿರುಗದೆ, ಆ ಏಳು ಅಂಶಗಳನ್ನು ಯಾರೋ ತಮಗೂ ಫಾರ್ವರ್ಡ್ ಮಾಡಿದ್ದರು ಎಂದರು. ಆಮೇಲೆ ನಿಂತು, ಹೊಗಳುವ ದನಿಯಲ್ಲಿಯೇ ಹೇಳಿದರು:

"ಇಷ್ಟು ಚಂದದ ಕನ್ನಡ ಈ ಊರಲ್ಲಿ ಬೇರೆ ಯಾರು ಬರೀತಾರೆ?"

ಬೈದಿದ್ದರೆ ಉತ್ತರ ಹುಡುಕಬಹುದಿತ್ತು… ಆ ಹೆಂಚನ್ನು ಕಣ್ಣಿಗೆ ಬೀಳದಂತೆ ಓಣಿಯ ಕಸದ ಡಬ್ಬಿಗಳ ಹಿಂದೆ ಇಟ್ಟುಬಿಟ್ಟೆ.

ಮರುವರ್ಷದ ಬೇಸಿಗೆಯಲ್ಲಿ ನಾನು ಲಾಸ್ ಏಂಜಲಿಸ್‌ಗೆ ಹೋದೆ. ಕ್ಷಮೆ ಕೇಳಲೆಂದೇ ಹೋದೆ. ಅವರು ಮನೆಯಲ್ಲಿರಲಿಲ್ಲ, ಬಂದರಿನಲ್ಲಿದ್ದರು. ಪೋರ್ಟರ್ ರ್ಯಾಂಚಿನ ಗುಡ್ಡದಿಂದ ಬಂದರಿಗೆ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ. ವಾರಕ್ಕೆ ಮೂರು ದಿನ ಡ್ರೈವ್ ಮಾಡಿಕೊಂಡು ಹೋಗುತ್ತಾರೆ, ಅಪ್ಪ ಯಾರ ಮಾತೂ ಕೇಳುವುದಿಲ್ಲ ಎಂದು ಮಗಳು ಇಂಗ್ಲಿಷಿನಲ್ಲಿ ದೂರಿದಳು. ಕಂಟೇನರುಗಳ ಬೆಟ್ಟದ ಆಚೆ ಖಾಲಿ ಬಿದ್ದಿದ್ದ ನೆಲದಲ್ಲಿ ಆ ವರ್ಷ ಜುಟ್ಟಿನ ಹಕ್ಕಿಗಳು ಇಳಿದಿದ್ದವು. ದೂರದಲ್ಲಿ, ಗಾಳ ಹಾಕುವವರಿಗಾಗಿ ನೀರಿನೊಳಗೆ ಚಾಚಿ ಕಟ್ಟಿದ ಮೀನುಗಟ್ಟೆಯ ಮೇಲೆ, ಅದೇ ಸ್ಟೂಲು, ಅದೇ ದೂರದರ್ಶಕ. ಅಂಗಿ ಮಾತ್ರ ತಮ್ಮದೇ.

ಇಲ್ಲಿ ಯಾರು ನೇಮಿಸಿದರು ಎಂದು ಕೇಳಿದೆ. ಯಾರೂ ಇಲ್ಲ, ಅವರು ನಕ್ಕರು. ಈ ಹಕ್ಕಿ ಪಟ್ಟಿಯಲ್ಲಿ ಇಲ್ಲ, ನಾನೂ ಪಟ್ಟಿಯಲ್ಲಿ ಇಲ್ಲ, ಜೋಡಿ ಸರಿಹೋಯಿತು ಎಂದರು. ಡ್ರೋನ್ ಹಾರಿಸುವವರು ಕಂಡರೆ ಹೋಗಿ ಮಾತಾಡಿಸುವುದು, ಪಟಾಕಿ ತಂದವರನ್ನು ಕಂಡರೆ ಬಂದರಿನವರಿಗೆ ಫೋನ್ ಮಾಡುವುದು. ಅಷ್ಟೇ ಅವರ ಕೆಲಸ. ದೂರದರ್ಶಕದಲ್ಲಿ ನೋಡಿದೆ. ನೆಲ ಕಾಣದಷ್ಟು ಹಕ್ಕಿ. ಪ್ರತಿಯೊಂದೂ ಪಕ್ಕದ್ದರಿಂದ ಒಂದೇ ಕೊಕ್ಕಿನಳತೆ ದೂರ, ಎಲ್ಲವೂ ಒಂದೇ ಕಡೆ ಮುಖ ಮಾಡಿ… ಆ ಗದ್ದಲದಲ್ಲಿ ನನ್ನ ಕ್ಷಮೆಯ ಮಾತು ಹೊರಬರಲಿಲ್ಲ. ಬದಲಿಗೆ, ಇವು ಎರಡು ಮೊಟ್ಟೆಯಿಡುತ್ತವೆಯೇ ಎಂದು ಕೇಳಿದೆ. ಸಾಮಾನ್ಯವಾಗಿ ಒಂದೇ, ಸಣ್ಣದು ಎರಡಿಡುತ್ತದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ ಎಂದರು. ಒಂದೂವರೆ ಗಂಟೆ ಜೊತೆಯಲ್ಲಿ ಕುಳಿತು, ಅವರ ಫ್ಲಾಸ್ಕಿನ ಕಾಫಿ ಕುಡಿದು, ಬರಿಗೈಯಲ್ಲಿ ಸ್ಯಾನ್ ಡಿಯಾಗೋಗೆ ಮರಳಿದೆ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಹದಿನೆಂಟು ವರ್ಷ ಮಕ್ಕಳಿಗೆ ನಾಳೆಗೆ ಬಿಡಬೇಡಿ ಎಂದು ಬೋರ್ಡಿನ ಮೇಲೆ ಬರೆದವಳು ನಾನು.

೨೦೨೪ರ ಮೇ ತಿಂಗಳಲ್ಲಿ ಮಗಳು ಫೋನ್ ಮಾಡಿದಳು. ನಿದ್ದೆಯಲ್ಲಿಯೇ ಹೋದರಂತೆ. ದಹನ ಮುಗಿದಿತ್ತು. ಈ ಹುಡುಗಿಗೆ ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಅರ್ಧಂಬರ್ಧ.

"ಆಂಟಿ, ಡ್ಯಾಡ್‌ಗೆ ಕ್ರೋ‌ಗೆ ರೈಸ್ ಇಡ್ಬೇಕಂತೆ. ನಂಗೆ ಒಬ್ರು ಡೈರೆಕ್ಷನ್ಸ್ ಕಳ್ಸಿದ್ದಾರೆ. ಸ್ಯಾನ್ ಡಿಯಾಗೋ ಪ್ಲೇಸ್, ವೆರಿ ಕ್ಲಿಯರ್ ಆಗಿ ಬರ್ದಿದ್ದಾರಂತೆ. ನಂಗೆ ಕನ್ನಡ ಓದೋಕೆ ಬರಲ್ಲ, ನೀವು ಒಂದ್ಸಲ ಹೇಳ್ತೀರಾ?"

ಫೋನಿಗೆ ಸಂದೇಶ ಬಂತು. ಹಲವು ಬಾರಿ ಫಾರ್ವರ್ಡ್ ಆದದ್ದು ಎಂಬ ಜೋಡಿ ಬಾಣದ ಗುರುತಿನ ಕೆಳಗೆ ಏಳು ಅಂಶಗಳು. ನನ್ನ ಅಲ್ಪವಿರಾಮಗಳು ಕೂಡ ಕದಲದೆ ನಿಂತಿದ್ದವು. ಬೇಲಿಯ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಇಟ್ಟರೆ…

ಅದನ್ನು ಬರೆದವಳು ನಾನು ಎಂದು ಆ ಹುಡುಗಿಗೆ ಹೇಳಿದೆ. ಅಪ್ಪನಿಗೆ ಹೇಳಬೇಕಾದದ್ದನ್ನೆಲ್ಲ ಮಗಳಿಗೆ ಹೇಳಿದೆ, ಮೂರು ವರ್ಷ ತಡವಾಗಿ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಡ್ಯಾಡ್‌ಗೆ ಗೊತ್ತಿತ್ತಾ? ಗೊತ್ತಿತ್ತು ಎಂದೆ. ಹಾಗಾದರೆ ಬನ್ನಿ ಎಂದಳು.

ಬಂದರಿನ ಆ ಮೀನುಗಟ್ಟೆಯ ತುದಿಯಲ್ಲಿ ಅವಳು ಅನ್ನದ ಉಂಡೆಯನ್ನು ನೀರಿಗೆ ಬಿಟ್ಟಳು. ಕಾಗೆ ಬರಲಿಲ್ಲ, ಯಾರೂ ಕಾಯಲಿಲ್ಲ. ಉಂಡೆ ಒಂದು ಕ್ಷಣ ತೇಲಿ ಬಿಳಿಯಾಗಿ ಬಿಚ್ಚಿಕೊಳ್ಳುತ್ತ ಮುಳುಗಿತು. ಆಚೆ ಜುಟ್ಟಿನ ಹಕ್ಕಿಗಳು ಒಂದರ ಹಿಂದೊಂದು ನೀರಿಗೆ ಧುಮುಕುತ್ತಿದ್ದವು. ಅಂಕಲ್ ಅವರ ಅಜ್ಜನಾಗಿದ್ದರೆ ದೋಣಿ ತಿರುಗಿಸುತ್ತಿದ್ದರು.

ಈಗ ಮತ್ತೆ ಏಪ್ರಿಲ್. ಸಣ್ಣವು ಬಂದಿವೆ. ಸಂದೇಶವೂ ಬಂದಿದೆ, ಮೊನ್ನೆ, ನಾನು ಸದಸ್ಯಳಾಗಿರುವ ಬೇರೊಂದು ಗುಂಪಿನಲ್ಲಿ. ನಾನು ಪ್ರತಿ ಸಲ ಬರೆಯುವಂತೆ ಬರೆದೆ: ಇದನ್ನು ಬರೆದವಳು ನಾನು, ಇದು ತಪ್ಪು, ಅಲ್ಲಿಗೆ ಹೋಗಬೇಡಿ, ಈ ಕಾರಣಕ್ಕೆ ಒಬ್ಬ ಒಳ್ಳೆಯ ಮನುಷ್ಯನನ್ನು ನಾವು ಅವಮಾನಿಸಿ ಕಳಿಸಿದೆವು. ಹಕ್ಕಿಗಳ ವಿಷಯವನ್ನೂ ಪೂರ್ತಿ ಬರೆದೆ. ಐದಾರು ಜನ ಕೈಮುಗಿದರು. ಒಬ್ಬರು ಕೇಳಿದರು, "ಓಕೆ ಮೇಡಂ, ಹಾಗಾದ್ರೆ ಕಾಗೆ ಬೇರೆ ಎಲ್ಲಿ ಬರುತ್ತೆ?"

ಫೋನನ್ನು ಗೋಡೆಗೆಸೆಯಬೇಕೆನಿಸಿತು. ಎಸೆಯಲಿಲ್ಲ. ಅವರು ಅಂದು ಝೂಮಿನಲ್ಲಿ ಹಣೆಯಷ್ಟೇ ತೋರಿಸಿ ಹೇಳಿದ್ದನ್ನು, ಅವರು ಹೇಳಿದ ಹಾಗೆಯೇ ಟೈಪ್ ಮಾಡಿದೆ: ಕಾಗೆ ಬರದಿದ್ರೆ ನೀರಿಗೆ ಬಿಡಿ, ಕಡಲು ಬೇಡ ಅನ್ನುದಿಲ್ಲ. ಯಾರ ಮಾತೆಂದು ಒಬ್ಬರೂ ಕೇಳಲಿಲ್ಲ.

ರಿಪೇರಿಯವನು ಹಾಕಿದ ಹೊಸ ಹೆಂಚು ಮಾಡಿನ ಮೇಲೆ ಬೇರೆಯೇ ಬಣ್ಣದಲ್ಲಿ ಎದ್ದು ಕಾಣುತ್ತಿದೆ, ಇರಲಿ. ಹಳೆಯದನ್ನು ಇಂದು ಬೆಳಿಗ್ಗೆ ಕೊಲ್ಲಿಯ ಬೇಲಿಯ ಬಳಿ ಕೊಟ್ಟು ಬಂದೆ. ಹಳದಿ ಅಂಗಿಯ ಹುಡುಗಿ ಅದನ್ನು ತಿರುಗಿಸಿ ನೋಡಿ, ಇದಕ್ಕೆ ಆಗಲೇ ನಂಬರ್ ಇದೆಯಲ್ಲ, ಅಳಿಸಿ ಬೇರೆ ಬರೆಯಬೇಕೇ ಎಂದು ಕೇಳಿದಳು. ಬೇಡ ಎಂದೆ. ಅವಳು ಬೇಲಿಯೊಳಗೆ ಹೋಗಿ ಅದನ್ನು ಮರಳಿನ ಮೇಲೆ ಬೋರಲು ಹಾಕಿದಳು. ಅಂಕಿ ಒಳಗೆ ಹೋಯಿತು. ತಂತಿಯ ಮೇಲೆ ಎರಡು ಕಾಗೆಗಳಿದ್ದವು. ಕಟ್ಟೆಯ ಪಕ್ಕ, ಅವರ ಸ್ಟೂಲಿದ್ದ ಜಾಗ ಖಾಲಿಯಿತ್ತು. ನಾನು ಕಾರಿನಿಂದ ನನ್ನದನ್ನು ತಂದು ಅಲ್ಲಿ ಹಾಕಿದೆ.